ಗೊತ್ತಾಗಲ್ಲ ಬಿಡು

ಶುರುವಿಗೇ ಹೇಳಿಬಿಡ್ತೇನೆ, ಇದು ಟ್ವಿಟರ್ ಬಗ್ಗೆ ಅಲ್ಲ, ಟ್ವೀಟರ್ ಬಗ್ಗೆ. ಸ್ಪೀಕರ್ ಪೆಟ್ಟಿಗೆಯಲ್ಲಿ ದೊಡ್ಡ ಬಟ್ಟಲಿನ ಮೇಲೆ ಇನ್ನೊಂದು ಪುಟ್ಟ ಬಟ್ಟಲು ಇರುತ್ತಲ್ಲ, ಅದು. ದೊಡ್ಡದು ನಾಯಿಯ ಹಾಗೆ ಬೊಗಳುತ್ತೆ ಅಂತ ವೂಫರ್, ಸಣ್ಣದು ಹಕ್ಕಿಯ ಹಾಗೆ ಚಿಲಿಪಿಲಿ ಅನ್ನುತ್ತೆ ಅಂತ ಟ್ವೀಟರ್. ತಾಳದ ಝಣ್ ಅನ್ನೋ ಸದ್ದು, ಚಂಡೆಯ ಪೆಟ್ಟಿನ ಚುರುಕು, ‘ಸ’, ‘ಶ’ ಅಕ್ಷರಗಳ ಉಸಿರು ಇವೆಲ್ಲ ಅದರ ಪಾಲು. ಅದು ಸತ್ತರೆ ಸ್ಪೀಕರ್ ನಿಲ್ಲೋದಿಲ್ಲ. ಹಾಡು ಬರ್ತಾನೇ ಇರುತ್ತೆ, ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಟ್ವೀಟರ್ ಸತ್ತು ಹತ್ತು ವರ್ಷವಾದರೂ ಯಾರಿಗೂ ಗೊತ್ತಿರೋದಿಲ್ಲ.

ಯಲ್ಲಾಪುರ ತಾಲೂಕಿನ ಉಮ್ಮಚಗಿಯಲ್ಲಿರೋ ನಮ್ಮ ಮನೆಯಲ್ಲೂ ಗೊತ್ತಿರಲಿಲ್ಲ. ಅಥವಾ ನಾನು ಹಾಗೆ ಅಂದುಕೊಂಡಿದ್ದೆ.

ಆ ಸ್ಪೀಕರ್ ಜೋಡಿಗೆ ಕಂಪನಿಯ ಹೆಸರಿಲ್ಲ. ಹೊರದೇಶದ ಮಾಲಿಗೆ ವಿಪರೀತ ಸುಂಕ ಇದ್ದ ಕಾಲ, 1983. ಹಾಡಿನ ಹುಚ್ಚಿದ್ದವರು ಬಿಡಿಭಾಗ ತಂದು ತಾವೇ ಜೋಡಿಸಿಕೊಳ್ತಿದ್ದರು. ನಮ್ಮ ದೊಡ್ಡಪ್ಪ ಅಡಿಕೆ ದುಡ್ಡು ಬಂದ ವರ್ಷ ಹುಬ್ಬಳ್ಳಿಗೆ ಹೋಗಿ ಎರಡು ವೂಫರ್, ಎರಡು ಟ್ವೀಟರ್ ತಂದರಂತೆ. ಪೆಟ್ಟಿಗೆ ಮಾಡಿದ್ದು ಊರಿನ ಆಚಾರಿ, ಹಲಸಿನ ಹಲಗೆಯಲ್ಲಿ. ಹಲಸಿನ ಮರ ಮದ್ದಲೆಗೂ ವೀಣೆಗೂ ಒಳ್ಳೇದು, ಸ್ಪೀಕರಿಗೆ ಅಷ್ಟೇನೂ ಒಳ್ಳೇದಲ್ಲ. ಯಾಕಂದ್ರೆ ಪೆಟ್ಟಿಗೆ ತಾನೂ ಹಾಡಬಾರದು, ಸುಮ್ಮನಿರಬೇಕು. ನಮ್ಮದು ಹಾಡ್ತದೆ. ಇರಲಿ.

ದೊಡ್ಡಪ್ಪ ತೀರಿಕೊಂಡಿದ್ದು 2003ರಲ್ಲಿ. ಆಮೇಲೆ ಆ ಸ್ಪೀಕರ್ ಅಪ್ಪಯ್ಯನದಾಯ್ತು. ಮಧ್ಯಾಹ್ನ ಊಟ ಮಾಡಿ ಕವಳ ಹಾಕಿಕೊಂಡು ಜಗಲಿಯಲ್ಲಿ ಕೂತು ಕ್ಯಾಸೆಟ್ ಹಾಕೋದು ಅವರ ದಿನಚರಿ. ಕಾಳಿಂಗ ನಾವುಡರ ಪದಗಳು ಇವೆ, ಧಾರವಾಡ ಆಕಾಶವಾಣಿಯಿಂದ ಹಿಡಿದಿಟ್ಟ ಗಾಯನ ಇದೆ. ಎಲ್ಲಕ್ಕಿಂತ ಹೆಚ್ಚು ಸಲ ಓಡೋದು ಒಂದೇ ಟೇಪು. 1987ರಲ್ಲಿ ನಮ್ಮ ಮನೆ ಜಗಲಿಯಲ್ಲೇ ಆದ ತಾಳಮದ್ದಲೆ, ‘ಕೃಷ್ಣ ಸಂಧಾನ’. ದೊಡ್ಡಪ್ಪ ಕೃಷ್ಣ, ಅಪ್ಪಯ್ಯ ಕೌರವ. ನಾನು ಹುಟ್ಟಿರಲಿಲ್ಲ.

ಐದು ವರ್ಷದ ಹಿಂದೆ ದೀಪಾವಳಿಗೆ ಹೋದಾಗ ಆ ಟೇಪು ಓಡ್ತಾ ಇತ್ತು. ಭಾಗವತರ ತಾಳ ಟಕ್ ಟಕ್ ಅಂತ ಮರ ಬಡಿದ ಹಾಗೆ ಕೇಳ್ತಿತ್ತು. ಆಡಿಯೋ ಬಗ್ಗೆ ನನಗೆ ಅಲ್ಪಸ್ವಲ್ಪ ಗೊತ್ತು, ಬೆಂಗಳೂರಿನಲ್ಲಿ ನನ್ನ ಕೆಲಸವೇ ಅದರ ಆಸುಪಾಸಿನದ್ದು. ಟ್ವೀಟರ್ ಕೈಕೊಟ್ಟಿದೆ ಅಂತ ಆಗಲೇ ಅನ್ನಿಸಿತು. ಅಪ್ಪಯ್ಯ ಅಂದರು, ‘ಎನ್ನ ಕಿವಿನೇ ಹೋಯ್ದು ತಮಾ. ಮೊದಲಿನ ಹಾಂಗೆ ಕೇಳ್ತಿಲ್ಲೆ. ಸ್ಪೀಕರಿಂದೆಂತ ತಪ್ಪಿಲ್ಲೆ.’

ಆಗ ನಾನು ಏನು ಮಾಡಬೇಕಿತ್ತು? ‘ಇಲ್ಲ ಅಪ್ಪಯ್ಯ, ಸ್ಪೀಕರೇ ಹೋಗಿದ್ದು’ ಅನ್ನಬೇಕಿತ್ತು. ಅನ್ನಲಿಲ್ಲ. ಮನಸ್ಸಿನಲ್ಲಿ ಒಂದು ಲೆಕ್ಕ ಹಾಕಿದೆ. ವಯಸ್ಸು ಎಪ್ಪತ್ತರ ಹತ್ತಿರ. ವಯಸ್ಸಾದಂತೆ ಕಿವಿ ಮೊದಲು ಕಳಕೊಳ್ಳೋದೇ ಮೇಲಿನ ಸ್ವರಗಳನ್ನು. ಟ್ವೀಟರ್ ಹಾಕಿದರೂ ಇವರಿಗೆ ಕೇಳಲ್ಲ. ಗೊತ್ತಾಗಲ್ಲ ಬಿಡು. ಮಾರನೇ ದಿನ ರಾತ್ರಿ ಬಸ್ಸು ಹತ್ತಿದೆ.

ನಮ್ಮಲ್ಲಿ ಎಷ್ಟು ಜನ ದಿನಕ್ಕೆ ಎಷ್ಟು ಸಲ ಈ ‘ಗೊತ್ತಾಗಲ್ಲ ಬಿಡು’ ಅಂತೇವೆ ಅಂತ ಲೆಕ್ಕ ಇಟ್ಟರೆ ನಾಚಿಕೆಯಾಗಬಹುದು. ಆಫೀಸಿನ ಮೀಟಿಂಗಿನಲ್ಲಿ ಅದಕ್ಕೆ ಬೇರೆ ಅಂಗಿ ತೊಡಿಸಿ ‘ಯೂಸರ್ ನೋಟಿಸ್ ಮಾಡಲ್ಲ’ ಅಂತೇವೆ. ಅಗ್ಗದ ಫೋನಿನವರಿಗೆ ಫೋಟೋ ಸ್ವಲ್ಪ ಮಸುಕು ಕಳಿಸಿದರೂ ನಡೆಯುತ್ತೆ. ಬಾಡಿಗೆ ಮನೆಯ ಸಿಂಕಿನ ಕೆಳಗಿನ ಪೈಪು ಎರಡನೇ ದರ್ಜೆಯದಾದರೂ ನಡೆಯುತ್ತೆ. ಮಗುವಿಗೆ ಕಥೆ ಓದುವಾಗ ಎರಡು ಪುಟ ಹಾರಿಸಿದರೂ ನಡೆಯುತ್ತೆ. (ಈ ಕೊನೆಯದು ನಡೆಯಲ್ಲ. ಮಕ್ಕಳು ಹಿಡಿದುಬಿಡ್ತಾರೆ.)

ನ್ಯಾಯವಾಗಿ ಹೇಳಬೇಕಂದ್ರೆ ನನ್ನ ಇಡೀ ಉದ್ಯೋಗ ನಿಂತಿರೋದೇ ಈ ಮಾತಿನ ಮೇಲೆ. ಎಂಪಿ3 ಅಂದರೇನು? ಜೋರು ಸದ್ದಿನ ಮರೆಯಲ್ಲಿ ಅಡಗಿಹೋಗುವ ಮೆಲುಸದ್ದನ್ನು, ಮನುಷ್ಯರ ಕಿವಿಗೆ ಹೇಗೂ ಗೊತ್ತಾಗಲ್ಲ ಅಂತ ತೆಗೆದು ಬಿಸಾಕೋದು. ಹಳೇ ಟೆಲಿಫೋನು ಇನ್ನೂ ಒರಟು, 300ರಿಂದ 3,400 ಹರ್ಟ್ಸ್‌ವರೆಗೆ ಮಾತ್ರ ದಾಟಿಸ್ತಿತ್ತು. ಫೋನಿನಲ್ಲಿ ಹೆಸರು ಹೇಳುವಾಗ ‘ಸ’ನೋ ‘ಫ’ನೋ ಅಂತ ಎರಡು ಸಲ ಕೇಳಬೇಕಾಗ್ತಿದ್ದದ್ದು ಅದಕ್ಕೇ. ಆ ಅಕ್ಷರಗಳ ಉಸಿರಿನ ಬಹುಪಾಲು 4,000 ಹರ್ಟ್ಸಿನ ಮೇಲಿರುತ್ತೆ. ಆದರೂ ಯಾರೂ ತಮಗೆ ಮೋಸವಾಯಿತು ಅನ್ನಲಿಲ್ಲ. ಹಾಗಾದರೆ ಅಪ್ಪಯ್ಯನ ವಿಷಯದಲ್ಲಿ ನಾನು ಮಾಡಿದ್ದು ಮಾತ್ರ ಯಾಕೆ ಚುಚ್ಚಬೇಕು? ಈ ಪ್ರಶ್ನೆ ನನ್ನ ತಲೆಯಲ್ಲಿ ಐದು ವರ್ಷ ಇತ್ತು ಅಂತ ಸುಳ್ಳು ಹೇಳಲ್ಲ. ಕಳೆದ ಮಳೆಗಾಲದವರೆಗೆ ಒಂದು ಸಲವೂ ನೆನಪಾಗಲಿಲ್ಲ.

ಕಳೆದ ಮಳೆಗಾಲದಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಹದಿನೈದು ದಿನ ಊರಲ್ಲಿದ್ದೆ. ಮಲೆನಾಡಿನ ಮಳೆ ಗೊತ್ತಲ್ಲ, ಮೂರನೇ ದಿನಕ್ಕೆ ಕರೆಂಟು, ನಾಲ್ಕನೇ ದಿನಕ್ಕೆ ನೆಟ್‌ವರ್ಕು. ಮಾಡೋಕೆ ಕೆಲಸ ಇಲ್ಲದೆ ಸ್ಪೀಕರ್ ಬಿಚ್ಚಿದೆ.

ಹಳೇ ಸ್ಪೀಕರಿನ ಟ್ವೀಟರ್ ಯಾವುದು ಅಂತ ಪತ್ತೆ ಮಾಡೋದು ಅಜ್ಜನ ಕಾಲದ ಜಮೀನಿನ ಗಡಿ ಹುಡುಕಿದ ಹಾಗೆ. ಅಮೆರಿಕದ ಹಳೇ ಸ್ಪೀಕರುಗಳಾದರೆ ಹಿಂದೆ ಒಂದು ಸಂಖ್ಯೆ ಒತ್ತಿರ್ತಾರೆ. ಮೊದಲ ಮೂರು ಅಂಕಿ ತಯಾರಕರದ್ದು, 220 ಅಂದರೆ ಜೆನ್ಸೆನ್. ಮುಂದಿನ ಅಂಕಿಗಳು ವರ್ಷ ಮತ್ತು ವಾರ. ಅಯಸ್ಕಾಂತ ನೋಡಿಯೂ ಕಾಲ ಅಂದಾಜು ಮಾಡಬಹುದು. 1978ರಲ್ಲಿ ಆಫ್ರಿಕಾದ ಜಾಯಿರೆಯಲ್ಲಿ ಗಲಾಟೆಯಾಗಿ ಕೋಬಾಲ್ಟ್ ಬೆಲೆ ಆಕಾಶಕ್ಕೇರಿತು. ಕೋಬಾಲ್ಟ್ ಬೇಕಾಗುವ ಅಲ್ನಿಕೋ ಅಯಸ್ಕಾಂತ ಬಿಟ್ಟು ಸ್ಪೀಕರ್ ತಯಾರಕರು ಫೆರೈಟಿಗೆ ಹೋದರು. ನಮ್ಮದರಲ್ಲಿ ಇದ್ದದ್ದು ಕಪ್ಪು ಫೆರೈಟ್ ಬಿಲ್ಲೆ. ಮೇಲೆ ಅಂಟಿಸಿದ್ದ ಚೀಟಿಯನ್ನು ವರಲೆ ತಿಂದು ಮಣ್ಣು ಮಾಡಿತ್ತು. ಮೂರು ಇಂಚಿನ ಕಾಗದದ ಬಟ್ಟಲು, ಅಷ್ಟೇ ಗುರುತು.

ಆದರೆ ಪೆಟ್ಟಿಗೆಯ ಒಳಗಡೆ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು, ‘8 ಓಂ. 4.7’. ದೊಡ್ಡಪ್ಪನ ಅಕ್ಷರ.

ಈ 4.7 ಅನ್ನೋದು ಕೆಪಾಸಿಟರಿನ ಅಳತೆ, 4.7 ಮೈಕ್ರೋಫ್ಯಾರಡ್. ಟ್ವೀಟರಿಗೆ ಕೆಳಗಿನ ಸ್ವರ ಹೋಗದ ಹಾಗೆ ತಡೆಯೋ ಬಾಗಿಲು ಅದು. 8 ಓಂ ಟ್ವೀಟರಿಗೆ 4.7 ಹಾಕಿದರೆ ಸುಮಾರು 4,200 ಹರ್ಟ್ಸಿನಿಂದ ಮೇಲಿನದನ್ನು ಒಳಗೆ ಬಿಡುತ್ತೆ. ಈಗ ನೋಡಿ ಏನಾಗಿತ್ತು. ಎಡಗಡೆ ಟ್ವೀಟರಿಗೆ ಮಲ್ಟಿಮೀಟರ್ ಹಿಡಿದರೆ ಏನೂ ತೋರಿಸಲಿಲ್ಲ, ಒಳಗಿನ ತಂತಿಸುರುಳಿ ಸುಟ್ಟು ತುಂಡಾಗಿದೆ. ಬಲಗಡೆಯದ್ದು 6.4 ಓಂ ತೋರಿಸಿತು, ಅಂದರೆ ಸರಿಯಾಗೇ ಇದೆ. 8 ಓಂ ಅಂತ ಬರೆದದ್ದು ಮೀಟರಿನಲ್ಲಿ ಆರು ಚಿಲ್ಲರೆ ತೋರಿಸೋದು ವಾಡಿಕೆ. ಆದರೆ ಅದರ ಕೆಪಾಸಿಟರ್ ನಲವತ್ತು ವರ್ಷದಲ್ಲಿ ಒಣಗಿ 2 ಮೈಕ್ರೋಫ್ಯಾರಡಿಗೆ ಇಳಿದಿತ್ತು. ಬಾಗಿಲು ಮೇಲಕ್ಕೆ ಸರಿದು ಹತ್ತಿರ ಹತ್ತಿರ 10,000 ಹರ್ಟ್ಸಿಗೆ ಹೋಗಿ ನಿಂತಿತ್ತು. ಹಳೇ ಕ್ಯಾಸೆಟ್ಟಿನಲ್ಲಿ ಅಷ್ಟು ಮೇಲೆ ಇರೋದು ಬರೀ ಸುಂಯ್ ಅನ್ನೋ ಗಾಳಿ. ಒಂದು ಸತ್ತಿದೆ, ಇನ್ನೊಂದು ಬದುಕಿದ್ದೂ ಕೆಲಸವಿಲ್ಲದೆ ಕೂತಿದೆ.

ಎಡಗಡೆಯದ್ದು ಸುಟ್ಟಿದ್ದು ಹೇಗೆ? ಸಣ್ಣ ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ಕೂಗಿಸಿದರೆ ಸದ್ದಿನ ಅಲೆಯ ತಲೆ ಕತ್ತರಿಸಿ ಹೋಗುತ್ತೆ. ಆ ಕತ್ತರಿಸಿದ ಅಂಚಿನಿಂದ ಹುಟ್ಟುವ ಚೂಪು ಸದ್ದೆಲ್ಲ ಟ್ವೀಟರಿನ ಮೇಲೆ ಬೀಳುತ್ತೆ. ದೊಡ್ಡ ಆಂಪ್ಲಿಫೈಯರಿಗಿಂತ ಸಣ್ಣದೇ ಟ್ವೀಟರಿಗೆ ಯಮ. 2008ರ ಚೌತಿ ಹಬ್ಬಕ್ಕೆ ಕಾಲೇಜಿನಿಂದ ಬಂದ ಹುಡುಗನೊಬ್ಬ ಸಿನಿಮಾ ಹಾಡು ಹಾಕಿ ವಾಲ್ಯೂಮ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ್ದ. ಹುಡುಗ ಯಾರು ಅಂತ ನೀವು ಊಹಿಸಿದ್ದು ಸರಿ.

ಬೆಂಗಳೂರಿಗೆ ವಾಪಸು ಬಂದವನೇ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಹಳೇ ಟ್ವೀಟರನ್ನು ತಿರುಗಿಸಿ ನೋಡಿ, ಯಾರಿಗೆ ಅಂತ ಕೇಳಿದರು. ‘ಊರಲ್ಲಿ ತಂದೆಗೆ.’ ‘ವಯಸ್ಸೆಷ್ಟು?’ ‘ಎಪ್ಪತ್ನಾಲ್ಕು.’ ಅವರು ಡಬ್ಬದಿಂದ ಪಿಯೆಜೋ ಟ್ವೀಟರ್ ತೆಗೆದು ಇಟ್ಟರು. ನೂರೈವತ್ತು ರೂಪಾಯಿ. ‘ಇದೇ ಸಾಕು ಸರ್. ಆ ವಯಸ್ಸಿಗೆ ವ್ಯತ್ಯಾಸ ಗೊತ್ತಾಗಲ್ಲ.’

ಒಳ್ಳೆಯ ಮನುಷ್ಯ. ನನ್ನ ದುಡ್ಡು ಉಳಿಸೋಕೆ ಹೇಳಿದ್ದು. ಆದರೆ ನನ್ನದೇ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಕಪಾಳಕ್ಕೆ ಬಿಗಿದ ಹಾಗಾಯ್ತು.

ಕಾಂಟ್ 1785ರ ಪುಸ್ತಕವೊಂದರಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಕೊಡ್ತಾನೆ. ಏನೂ ತಿಳಿಯದ ಗಿರಾಕಿಗೂ ಅವನು ಹೆಚ್ಚು ಬೆಲೆ ಹೇಳಲ್ಲ, ಮಗು ಬಂದರೂ ಎಲ್ಲರಿಗಿರೋ ಬೆಲೆಯೇ. ಯಾಕೆ? ಹೆಸರು ಕೆಡಬಾರದು ಅಂತಲೋ, ನ್ಯಾಯ ಅಂತಲೋ, ಹೊರಗಿನಿಂದ ನೋಡಿದರೆ ತಿಳಿಯಲ್ಲ ಅನ್ನೋದು ಕಾಂಟನ ತಕರಾರು. ನನಗೆ ಹಿಡಿಸಿದ್ದು ಬೇರೆ ಒಂದು ಅಂಶ. ತಿಳಿಯದವನ ಎದುರಿಗೇ ನಮ್ಮ ಬಂಡವಾಳ ಹೊರಬೀಳೋದು. ತಿಳಿದವನ ಎದುರು ಎಲ್ಲರೂ ಸಾಚಾ. ‘ಕೋಣನ ಮುಂದೆ ಕಿನ್ನರಿ’ ಅಂತ ನಮ್ಮ ಗಾದೆ ಇದೆಯಲ್ಲ, ಅದು ಪೂರ್ತಿ ಕೋಣನನ್ನೇ ಹಂಗಿಸುತ್ತೆ. ಬಾರಿಸೋನು ಶ್ರುತಿ ಮಾಡಿಕೊಂಡಿದ್ದನೋ ಇಲ್ಲವೋ ಅಂತ ಯಾರೂ ವಿಚಾರಿಸಲ್ಲ.

ಎಂಪಿ3 ಪ್ರಶ್ನೆಗೂ ಅಲ್ಲೇ, ಎಸ್.ಪಿ. ರೋಡಿನ ಆ ಗದ್ದಲದಲ್ಲೇ, ಉತ್ತರ ಹೊಳೆಯಿತು. ಎಂಪಿ3 ರೂಪಿಸಿದವರು ಏನನ್ನು ತೆಗೆದರೆ ಗೊತ್ತಾಗಲ್ಲ ಅಂತ ಕೂತಲ್ಲೇ ತೀರ್ಮಾನ ಮಾಡಲಿಲ್ಲ. ಅವರಲ್ಲೊಬ್ಬರಾದ ಬ್ರಾಂಡೆನ್‌ಬರ್ಗ್ ಸುಝಾನ್ ವೇಗಾಳ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿ, ಆಕೆಯ ದನಿ ಕೆಡದೆ ಬರುವವರೆಗೆ ತಿದ್ದಿದರು. ಜನರನ್ನು ಕೂರಿಸಿ ಅದನ್ನೂ ಇದನ್ನೂ ಕೇಳಿಸಿ ವ್ಯತ್ಯಾಸ ತಿಳೀತಾ ಅಂತ ವಿಚಾರಿಸಿದರು. ನಾನು? ‘ಅಪ್ಪಯ್ಯಂಗೆ ಕೇಳಲ್ಲ’ ಅಂದುಕೊಂಡೆ, ಅಪ್ಪಯ್ಯನನ್ನು ಕೇಳಲಿಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ ಇದ್ದರೂ ನನಗೆ ಹೊಳೆಯಲಿಲ್ಲ ನೋಡಿ.

ಎದುರುವಾದ ಇಲ್ಲದೆ ಇಲ್ಲ. ನನ್ನ ಗೆಳತಿ ಒಬ್ಬಳು ಹೇಳಿದಳು, ‘ಇದು ನಿನ್ನ ಚಟ ಕಣೋ. ಅವರಿಗೆ ಬೇಕಾಗಿರೋದು ಜೊತೆಗೆ ಕೂತು ಟೇಪು ಕೇಳೋರು, ಸಿಲ್ಕ್ ಡೋಮ್ ಅಲ್ಲ.’ ಅರ್ಧ ನಿಜ. ಆಡಿಯೋ ಹುಚ್ಚಿರೋ ನಮ್ಮಂಥವರು ಬೇರೆಯವರ ಕಿವಿಯ ಹೆಸರಿನಲ್ಲಿ ನಮ್ಮ ಚಪಲ ತೀರಿಸಿಕೊಳ್ತೇವೆ. ಪಿಯೆಜೋ ಬೇಡ ಅಂದ ನಾನೇ ಮೂವತ್ತು ಸಾವಿರದ ಟ್ವೀಟರ್ ತಂದಿದ್ದರೆ ಅದು ಅಪ್ಪಯ್ಯನಿಗಾಗಿ ಆಗ್ತಿರಲಿಲ್ಲ. ಎಲ್ಲಿ ನಿಲ್ಲಿಸಬೇಕು? ನಾನು ಹಾಕಿಕೊಂಡ ಗಡಿ ಇಷ್ಟು: ಟೇಪಿನಲ್ಲಿ ಏನಿದೆಯೋ ಅದು ಪೂರ್ತಿ ಹೊರಗೆ ಬರಬೇಕು. ಟೇಪಿನಲ್ಲಿ ಇಲ್ಲದ್ದಕ್ಕೆ ಖರ್ಚು ಮಾಡೋದು ಶೋಕಿ. ಅಪ್ಪಯ್ಯನ ಕಿವಿಯ ಅಳತೆಗೆ ಟ್ವೀಟರ್ ಕತ್ತರಿಸೋದು ನನ್ನ ಕೆಲಸ ಅಲ್ಲ, ಅದನ್ನು ಅವರ ಕಿವಿಯೇ ಮಾಡಿಕೊಳ್ಳುತ್ತೆ.

ಕೊನೆಗೆ ತಂದಿದ್ದು ಮೂರು ಸಾವಿರ ಚಿಲ್ಲರೆಯ ರೇಷ್ಮೆ ಗುಮ್ಮಟದ ಜೋಡಿ, 8 ಓಂ, ಜೊತೆಗೆ ಬೇಗ ಒಣಗದ ಫಿಲ್ಮ್ ಕೆಪಾಸಿಟರ್ ಎರಡು, ಅದೇ 4.7. ಹಳೇದಕ್ಕಿಂತ ಒಂಚೂರು ಜೋರಿರೋದನ್ನೇ ಆರಿಸಿದೆ. ಜೋರಿದ್ದರೆ ರೆಸಿಸ್ಟರ್ ಹಾಕಿ ತಗ್ಗಿಸಬಹುದು, ಮೆತ್ತಗಿದ್ದರೆ ಏರಿಸೋಕೆ ದಾರಿ ಇಲ್ಲ. ಸತ್ತಿದ್ದು ಒಂದೇ ಆದರೂ ಎರಡನ್ನೂ ಬದಲಿಸಬೇಕು, ಎಡ ಬಲ ಒಂದೇ ದನಿ ಬರಬೇಕಲ್ಲ. ಬದುಕಿದ್ದ ಬಲಗಡೆಯದ್ದನ್ನು ಬಿಚ್ಚಿ ತೆಗೆಯುವಾಗ ಸ್ವಲ್ಪ ಕಸಿವಿಸಿಯಾಯ್ತು. ಹೊಸದರ ಚೌಕಟ್ಟು ಹಳೇ ತೂತಿಗಿಂತ ದೊಡ್ಡದು. ಆಚಾರಿಯ ಮಗ ಹಲಸಿನ ತುಂಡಿನಲ್ಲೇ ಎರಡು ಬಳೆ ಕೊರೆದುಕೊಟ್ಟ.

ಇಷ್ಟೆಲ್ಲ ಬದಲಿಸಿದ ಮೇಲೆ ಇದು ದೊಡ್ಡಪ್ಪನ ಸ್ಪೀಕರೇನಾ ಅಂತ ಆಫೀಸಿನ ಒಬ್ಬ ಕೇಳಿದ, ಥೀಸಿಯಸ್‌ನ ಹಡಗಿನ ಕಥೆ ಓದಿಕೊಂಡಿದ್ದವ. ಅಡಿಕೆ ತೋಟದವರಿಗೆ ಈ ಪ್ರಶ್ನೆ ಕಾಡೋದಿಲ್ಲ. ಮುತ್ತಜ್ಜನ ತೋಟ ಅಂತೇವೆ, ಮುತ್ತಜ್ಜ ನೆಟ್ಟ ಒಂದು ಮರವೂ ಅಲ್ಲಿಲ್ಲ. ಮುದಿ ಮರದ ಬುಡದಲ್ಲಿ ಸಸಿ ನೆಡ್ತಾ ಹೋಗೋದೇ ತೋಟ.

ಕಿವಿಯ ವಿಷಯವನ್ನೂ ಊಹೆಗೆ ಬಿಡಬಾರದು ಅಂತ ಶಿರಸಿಗೆ ಕರಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ. ಆ ನಕ್ಷೆಯಲ್ಲಿ 250ರಿಂದ 8,000 ಹರ್ಟ್ಸ್‌ವರೆಗೆ ಅಳೀತಾರೆ. ಅಪ್ಪಯ್ಯನ ಗೆರೆ 2,000ದವರೆಗೆ ಅಂಗಳದ ಹಾಗೆ ಸಮನಾಗಿ ಬಂದು ಆಮೇಲೆ ಜಾರಿ ಕಣಿವೆಗೆ ಇಳಿದಿತ್ತು. 4,000ದಲ್ಲಿ ತುಸು ಜೋರು ಮಾಡಿದರೆ ಉಂಟು, 8,000ದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಅಂದರೆ ಅಪ್ಪಯ್ಯ ಹೇಳಿದ್ದೂ ಸರಿ, ಕಿವಿ ಹೋಗಿತ್ತು. ಸ್ಪೀಕರೂ ಹೋಗಿತ್ತು. ಯಾವ ಪಾಲು ಯಾರದ್ದು ಅಂತ ಇಷ್ಟು ವರ್ಷ ಅವರಿಗೆ ತಿಳಿಯದ ಹಾಗೆ ಇಟ್ಟಿದ್ದು ಮಾತ್ರ ನಾನು.

ಸಂಜೆ ಬೆಸುಗೆ ಹಾಕ್ತಾ ಹೇಳಿಬಿಟ್ಟೆ. ‘ಅಪ್ಪಯ್ಯ, ಎಡಗಡೆದು ಆ ಚೌತಿಲಿ ಆನೇ ಸುಟ್ಟಿದ್ದು.’

ಅವರು ಅಡಿಕೆ ಹೋಳು ಮಾಡ್ತಾ ಇದ್ದರು. ತಲೆ ಎತ್ತಲಿಲ್ಲ. ‘ಗೊತ್ತಿದ್ದು. ಆವತ್ತೇ ಗೊತ್ತಾಗಿತ್ತು. ಇನ್ನೊಂದು ಇತ್ತಲಾ, ಸಾಕು ಅಂದ್ಕಂಡಿ.’

‘ಮತ್ತೆ ಹೇಳಿದ್ದೇ ಇಲ್ಲೆ?’

‘ಹೇಳಿದ್ರೆ ನಿಂಗೆ ಬೇಜಾರು.’

ಹದಿನಾರು ವರ್ಷ. ನನಗೂ ಗೊತ್ತಾಗಲ್ಲ ಬಿಡು ಅಂತ ಅವರೂ ಅಂದುಕೊಂಡಿದ್ದರು. ಎರಡೂ ಒಂದೇ ಮಾತು, ಆದರೆ ಅವರದ್ದನ್ನೂ ನನ್ನದನ್ನೂ ಒಂದೇ ತಕ್ಕಡಿಗೆ ಹಾಕೋ ಧೈರ್ಯ ನನಗಿಲ್ಲ.

ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿ ಒರೆಸಿ ಟೇಪು ಹಾಕಿದೆ. ತಾಳ ಬಂತು, ಲೋಹದ ತಾಳ. ಮೇಲಿನ ಝಣಕು ಅಪ್ಪಯ್ಯನಿಗೆ ಎಷ್ಟು ಮುಟ್ಟಿತೋ, ಮುಖ ಹಾಗೇ ಇತ್ತು. ಕೌರವನ ಮಾತು ಬಂತು, ಮೂವತ್ತೇಳು ವರ್ಷದ ಅಪ್ಪಯ್ಯನ ದನಿ. ಅದಕ್ಕೂ ಏನೂ ಅನ್ನಲಿಲ್ಲ. ಈ ಕೆಲಸ ಇಷ್ಟೇ ಆದರೂ ಸರಿ ಅಂತ ನಾನು ನನಗೇ ಹೇಳಿಕೊಳ್ತಿದ್ದೆ, ಹೇಳಿಕೊಳ್ಳುವಾಗ ಸ್ವಲ್ಪ ಬೇಸರವೂ ಆಗ್ತಿತ್ತು. ಆಮೇಲೆ ಕೃಷ್ಣ ಶುರು ಮಾಡಿದ. ‘ಸಂಧಾನ’ ಅನ್ನೋ ಶಬ್ದದಲ್ಲಿ ‘ಸ’ ಜೊತೆ ಒಂದು ಸಣ್ಣ ಸೀಟಿ. ಮತ್ತೆ ‘ಸಹೋದರ’, ಮತ್ತೆ ಸೀಟಿ. ಟೇಪಿನ ದೋಷ ಅಂತ ನಾನು ಏಳೋಕೆ ಹೊರಟೆ.

ಅಪ್ಪಯ್ಯ ಕೈ ಅಡ್ಡ ಹಿಡಿದರು. ಇನ್ನೆರಡು ವಾಕ್ಯ ಕೇಳಿದರು. ‘ಮುಂದಿನ ಹಲ್ಲು ಬಿದ್ದಿತ್ತು ಅವಂಗೆ’ ಅಂದರು. ‘ಆ ವರ್ಷ ಮೊದಲ ಮಳೆಗೆ ಸಂಕದ ಮೇಲೆ ಜಾರಿ ಬಿದ್ದಿದ್ದ. ಹಲ್ಲು ಕಟ್ಟಿಸಿದ್ದು ಆಮೇಲೆ. ಎಂಗೆ ಮರ್ತೇ ಹೋಗಿತ್ತು.’

ನನಗೆ ನೆನಪಿರೋ ದೊಡ್ಡಪ್ಪನಿಗೆ ಸಾಲು ಹಲ್ಲುಗಳಿದ್ದವು, ಕಟ್ಟಿಸಿದ ಹಲ್ಲು ಅಂತಲೇ ನನಗೆ ಗೊತ್ತಿರಲಿಲ್ಲ. ಊರಲ್ಲಿ ಸಂಸ್ಕೃತ ಪಾಠಶಾಲೆ ಇರೋದರಿಂದ ನಮ್ಮಲ್ಲಿ ‘ಶ’, ‘ಷ’, ‘ಸ’ ತಪ್ಪಿದರೆ ಬೈಗುಳ ಬೀಳುತ್ತೆ. ಅಂಥ ಊರಲ್ಲಿ ಹಲ್ಲಿಲ್ಲದ ಕೃಷ್ಣ ರಾತ್ರಿಯಿಡೀ ಸೀಟಿ ಹೊಡೀತಾ ಸಂಧಾನ ಮಾಡಿದ್ದ.

ಟೇಪು ಮುಂದೆ ಹೋಯಿತು. ಚಂಡೆ ಬಂದಾಗ ಅಪ್ಪಯ್ಯ ಮುಖ ಸಿಂಡರಿಸಿ, ‘ಕಿವಿಗೆ ಹೊಡಿತ್ತು, ಕಮ್ಮಿ ಮಾಡು’ ಅಂದರು. ಟ್ರೆಬಲ್ ಗುಂಡಿ ತೋರಿಸಿಕೊಟ್ಟೆ. ಈಗ ಅವರು ಡೆಕ್ಕಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರ್ತಾರಂತೆ. ಚಂಡೆ ಬಂದಾಗ ಗುಂಡಿ ಎಡಕ್ಕೆ, ಅಣ್ಣ ಮಾತಾಡುವಾಗ ಬಲಕ್ಕೆ. ಬಿಚ್ಚಿದ ಹಳೇ ಟ್ವೀಟರ್ ಎರಡನ್ನೂ ಕಾಗದದಲ್ಲಿ ಸುತ್ತಿ ನಾಗಂದಿಗೆ ಮೇಲೆ ಇಟ್ಟಿದ್ದಾರೆ. ಎಂತಕ್ಕೆ ಅಂದರೆ, ‘ಇರ್ಲಿ, ಅಡ್ಡಿಲ್ಲೆ’ ಅಂದರು.